5 ಮತ್ತು "5" ಒಂದೇನಾ?

 

ಈ ಸಂಚಿಕೆಗೆ ಕಂಪ್ಯೂಟರ್ ಬಗ್ಗೆ ಒಂದು ಲೇಖನ ಬರೆದುಕೊಡು ಅಂತ ವಿಜ್ಞಾನದ ಮೇಷ್ಟ್ರು ಹೇಳಿದರು. ಕಂಪ್ಯೂಟರಿನ ಭಾಗಗಳು, ಅದರ ಉಪಯೋಗಗಳು, ಅದನ್ನು ಕಂಡುಹಿಡಿದವರು ಇವೆಲ್ಲ ಈ ಗೋಡೆಯ ಮೇಲೆ ಈಗಾಗಲೇ ಬಂದುಹೋಗಿವೆ. ಆದ್ದರಿಂದ ನಾನು ಒಂದೇ ಒಂದು ಸಣ್ಣ ಪ್ರಶ್ನೆ ಆರಿಸಿಕೊಂಡಿದ್ದೇನೆ. ಕಂಪ್ಯೂಟರಿಗೆ ಎರಡು ಬೆಲೆಗಳನ್ನು ಕೊಟ್ಟು "ಇವೆರಡೂ ಸಮವೇ? ಇವುಗಳಲ್ಲಿ ಯಾವುದು ದೊಡ್ಡದು?" ಅಂತ ಕೇಳಿದರೆ ಅದು ಹೇಗೆ ಉತ್ತರ ಹೇಳುತ್ತದೆ? 7 ದೊಡ್ಡದೋ 5 ದೊಡ್ಡದೋ ಅಂದರೆ ಒಂದನೇ ತರಗತಿ ಮಗುವೂ ಹೇಳುತ್ತೆ. ಆದರೆ ಕೊಟ್ಟ ಎರಡು ಬೆಲೆಗಳೂ ಬೇರೆ ಬೇರೆ ಬಗೆಯವಾದರೆ? ಇಲ್ಲೇ ಇರೋದು ಮಜಾ. ಇದರಿಂದ ಒಬ್ಬ ಹುಡುಗ ತಾಲ್ಲೂಕು ಮಟ್ಟದ ಆಟ ತಪ್ಪಿಸಿಕೊಳ್ಳುವುದರಲ್ಲಿದ್ದ. ಅದನ್ನು ಆಮೇಲೆ ಹೇಳ್ತೀನಿ.

ಮೊದಲು 'ಬಗೆ' ಅಂದರೇನು ಅಂತ ನೋಡೋಣ. ಕೊಟ್ಟಿಗೆಯಲ್ಲಿ 5 ಹಸು ಇವೆ ಅನ್ನಿ. ಬಸ್ಸಿನ ನೆತ್ತಿಯ ಮೇಲಿನ ಹಲಗೆಯಲ್ಲೂ 5 ಅಂತ ಬರೆದಿದೆ ಅನ್ನಿ. ಕಣ್ಣಿಗೆ ಎರಡೂ ಒಂದೇ. ಆದರೆ ಹಸುವಿನ 5 ಎಣಿಕೆ. ಇನ್ನೆರಡು ಹಸು ತಂದರೆ 7 ಆಗುತ್ತದೆ. ಬಸ್ಸಿನ 5 ಬರೀ ಗುರುತು. 5ನೇ ನಂಬರ್ ಬಸ್ಸು ಮತ್ತು 2ನೇ ನಂಬರ್ ಬಸ್ಸು ಅಕ್ಕಪಕ್ಕ ನಿಂತರೆ 7ನೇ ನಂಬರ್ ಬಸ್ಸು ಆಗೋದಿಲ್ಲ, ಅಲ್ವಾ? ಫೋನ್ ನಂಬರೂ ಹಾಗೇ. ಹೆಸರಿಗೆ ನಂಬರು, ನಿಜವಾಗಿ ಅದು ಅಂಕಿಗಳ ಸಾಲು. ಬೆಂಗಳೂರಿನ ಎಸ್.ಟಿ.ಡಿ. ಕೋಡ್ 080. ಅದನ್ನು ಸಂಖ್ಯೆ ಅಂತ ಇಟ್ಟುಕೊಂಡರೆ ಮೊದಲ ಸೊನ್ನೆಗೆ ಬೆಲೆ ಇಲ್ಲ, 80 ಅಷ್ಟೇ ಉಳಿಯುತ್ತದೆ. ಅಲ್ಲಿಗೆ ಕೋಡು ಕೆಟ್ಟಿತು.

ಕಂಪ್ಯೂಟರ್ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳುತ್ತದೆ. ಎಣಿಕೆಯ 5 ಸಂಖ್ಯೆ. ಗುರುತಿನ 5ಕ್ಕೆ ಉದ್ಧರಣ ಚಿಹ್ನೆ ಹಾಕಿ "5" ಅಂತ ಬರೆಯುತ್ತಾರೆ. ಇದಕ್ಕೆ ಸ್ಟ್ರಿಂಗ್ ಅಂತ ಹೆಸರು. ಹೂವು ಪೋಣಿಸಿದ ಹಾಗೆ ಅಕ್ಷರಗಳನ್ನು ಪೋಣಿಸಿದ್ದು. ಹಾಗಾಗಿ ನಾನು ಇದನ್ನು 'ಅಕ್ಷರಸರ' ಅಂತ ಕರೆಯುತ್ತೇನೆ. "ಮಾವು" ಅಕ್ಷರಸರ, "5" ಕೂಡ ಅಕ್ಷರಸರ, ಒಳಗೆ ಏನೂ ಇಲ್ಲದ "" ಕೂಡ ಅಕ್ಷರಸರವೇ, ಹೂವಿಲ್ಲದ ದಾರದ ಹಾಗೆ. ಇವಲ್ಲದೆ ಹೌದು-ಅಲ್ಲ ಅನ್ನುವುದಕ್ಕೆ ಟ್ರೂ, ಫಾಲ್ಸ್ ಅಂತ ಇನ್ನೊಂದು ಬಗೆ ಇದೆ. 'ಇಲ್ಲಿ ಏನೂ ಇಲ್ಲ' ಅನ್ನುವುದಕ್ಕೆ ನಲ್ ಅಂತ ಮತ್ತೊಂದು ಇದೆ. ಇಷ್ಟು ಸಾಕು.

ಒಂದು ಮಾತು. ಕಂಪ್ಯೂಟರಿಗೆ ಆಜ್ಞೆ ಬರೆಯುವಾಗ ಈ ಪದಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಇಲ್ಲಿ ಓದುವುದಕ್ಕೆ ಅನುಕೂಲ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ.

ಈಗ ಹೋಲಿಕೆಗೆ ಬರೋಣ. ಎರಡು ಸಂಖ್ಯೆ ಹೋಲಿಸುವ ರೀತಿ ನಿಮಗೆ ಗೊತ್ತು. ಎರಡು ಅಕ್ಷರಸರ ಹೋಲಿಸುವ ರೀತಿಯೂ ಗೊತ್ತು, ನಿಘಂಟು ನೋಡಿದ್ದರೆ. ನಿಘಂಟಿನಲ್ಲಿ 'ಅರಮನೆ' ಮೊದಲು, 'ಆನೆ' ಆಮೇಲೆ. ಅರಮನೆಯಲ್ಲಿ ನಾಲ್ಕು ಅಕ್ಷರ, ಆನೆಯಲ್ಲಿ ಎರಡೇ ಅಕ್ಷರ. ಆದರೂ ಉದ್ದ ಯಾರೂ ಕೇಳೋದಿಲ್ಲ. ಮೊದಲ ಅಕ್ಷರ ನೋಡುತ್ತಾರೆ. ಅದು ಒಂದೇ ಆಗಿದ್ದರೆ ಎರಡನೆಯದು. ವ್ಯತ್ಯಾಸ ಸಿಕ್ಕ ತಕ್ಷಣ ತೀರ್ಮಾನ. ಕಂಪ್ಯೂಟರೂ ಹೀಗೇ ಮಾಡುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಕ್ರಮಸಂಖ್ಯೆ ಇದೆ. "1" ಅನ್ನುವ ಅಂಕಿಗೆ 49, "9" ಅನ್ನುವ ಅಂಕಿಗೆ 57, ನಮ್ಮ "ಅ" ಅಕ್ಷರಕ್ಕೆ 3205. ಆ ಕ್ರಮಸಂಖ್ಯೆ ಯಾವುದರದ್ದು ಕಡಿಮೆಯೋ ಅದು ಮೊದಲು. (ಇದರಲ್ಲೂ ಒಂದು ತಮಾಷೆ ಇದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಕಂಪ್ಯೂಟರಿನ ಕ್ರಮಸಂಖ್ಯೆಯಲ್ಲಿ ಅದು ಲ ಆದ ತಕ್ಷಣ, ವ-ಗಿಂತ ಮೊದಲೇ ಬರುತ್ತದೆ. ಹಾಗಾಗಿ ಬರೀ ಕ್ರಮಸಂಖ್ಯೆ ನೋಡುವ ಪ್ರೋಗ್ರಾಂ 'ಕಳಸ'ವನ್ನು 'ಕವನ'ಕ್ಕಿಂತ ಮೊದಲು ಇಡುತ್ತದೆ. ಕನ್ನಡ ಮೇಡಂ ನೋಡಿದರೆ ಒಪ್ಪೋದಿಲ್ಲ.)

ಈಗ ಹೇಳಿ. 10 ಮತ್ತು 9, ಎರಡೂ ಸಂಖ್ಯೆ. ಯಾವುದು ದೊಡ್ಡದು? 10. ಸರಿ. ಆದರೆ "10" ಮತ್ತು "9", ಎರಡೂ ಅಕ್ಷರಸರವಾದರೆ? ಮೊದಲ ಅಕ್ಷರ "1", ಇನ್ನೊಂದರ ಮೊದಲ ಅಕ್ಷರ "9". 49 ಚಿಕ್ಕದು, 57 ದೊಡ್ಡದು. ಅಲ್ಲಿಗೆ ಮುಗೀತು. "9" ದೊಡ್ಡದು! ಹಿಂದೆ ಇರುವ ಸೊನ್ನೆಯನ್ನು ಯಾರೂ ತಿರುಗಿಯೂ ನೋಡಲಿಲ್ಲ.

ಆಟದ ಕಥೆ ಈಗ ಹೇಳ್ತೀನಿ. ಒಂದು ಕ್ರೀಡಾಕೂಟದಲ್ಲಿ ಗುಂಡು ಎಸೆತದ ದೂರಗಳನ್ನು ಕಂಪ್ಯೂಟರಿಗೆ ಹಾಕಿ ಪಟ್ಟಿ ಮಾಡಿದರು. ಪಟ್ಟಿ ಮಾಡುವ ಪ್ರೋಗ್ರಾಂ ಜಾವಾಸ್ಕ್ರಿಪ್ಟ್ ಅನ್ನುವ ಭಾಷೆಯಲ್ಲಿ ಬರೆದಿದ್ದು. ಯಾವ ಊರು, ಯಾರು ಬರೆದರು ಅನ್ನುವುದು ಇಲ್ಲಿ ಬೇಡ. ನಾಲ್ಕು ಜನ ಎಸೆದ ದೂರ ಮೀಟರಿನಲ್ಲಿ ಹೀಗಿತ್ತು: 9.85, 10.2, 8.9, 11.05. ಮೊದಲ ಇಬ್ಬರು ತಾಲ್ಲೂಕು ಮಟ್ಟಕ್ಕೆ ಹೋಗಬೇಕು. ಕಂಪ್ಯೂಟರಿನಿಂದ ಬಂದ ಪಟ್ಟಿ, ದೊಡ್ಡದರಿಂದ ಚಿಕ್ಕದಕ್ಕೆ:

9.85
8.9
11.05
10.2

ಹನ್ನೊಂದು ಮೀಟರ್ ದಾಟಿಸಿದ ಅಣ್ಣ ಮೂರನೆಯವನು! ನಾಲ್ವರಲ್ಲಿ ಎಲ್ಲರಿಗಿಂತ ಹತ್ತಿರ ಎಸೆದವನಿಗೆ ಎರಡನೇ ಸ್ಥಾನ! ಪಿ.ಟಿ. ಮೇಷ್ಟ್ರು ಪಟ್ಟಿ ಕೈಗೆ ತಗೊಂಡು, "ಏನಪ್ಪಾ ಇದು, ಟೇಪ್ ಹಿಡಿದವನು ನಾನೇ" ಅಂತ ಕೂಗಿದ್ದರಿಂದ ಸರಿಹೋಯಿತು. ಅವರು ಅಳತೆಯ ಟೇಪು ಹಿಡಿದಿರದಿದ್ದರೆ, ಅಥವಾ ಪಟ್ಟಿಯಲ್ಲಿ ನಾಲ್ಕು ಹೆಸರಿನ ಬದಲು ನಾಲ್ಕು ನೂರು ಹೆಸರು ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಕಂಪ್ಯೂಟರ್ ಪಟ್ಟಿ ಅಂದ ಮೇಲೆ ಎಲ್ಲರೂ ನಂಬುತ್ತಾರೆ.

ನನಗೆ ಇದರಲ್ಲಿ ಆಶ್ಚರ್ಯ ಆಗಿದ್ದು ಬೇರೆ ವಿಷಯ. ಅದೇ ದಿನ ಬೆಳಿಗ್ಗೆ ಉದ್ದ ಜಿಗಿತದ ಪಟ್ಟಿಯನ್ನು ಅದೇ ಪ್ರೋಗ್ರಾಂ ಸರಿಯಾಗಿ ಕೊಟ್ಟಿತ್ತು! ಯಾಕೆ ಗೊತ್ತಾ? ಉದ್ದ ಜಿಗಿತದಲ್ಲಿ ಎಲ್ಲರೂ ಜಿಗಿದದ್ದು 4.85, 5.10, 5.32 ಈ ತರಹ. ಚುಕ್ಕೆಯ ಹಿಂದೆ ಎಲ್ಲರಿಗೂ ಒಂದೇ ಅಂಕಿ. ಹಾಗಿದ್ದಾಗ ಅಕ್ಷರ ಅಕ್ಷರ ಹೋಲಿಸಿದರೂ ಸರಿ ಉತ್ತರವೇ ಬರುತ್ತದೆ. ಹತ್ತು ದಾಟಿದ ಮೇಲೆ ಬಣ್ಣ ಬಯಲಾಗುತ್ತದೆ. ಇನ್ನೂ ಒಂದಿದೆ. ಆ ಪ್ರೋಗ್ರಾಮಿನಲ್ಲಿ "ಎಸೆದ ದೂರ 8ಕ್ಕಿಂತ ಹೆಚ್ಚಿದೆಯೇ" ಅಂತ ಮೊದಲು ಒಂದು ಪರೀಕ್ಷೆ ಇತ್ತು. ಅದೂ ಸರಿಯಾಗೇ ನಡೆಯಿತು. "10.2" ಅನ್ನುವ ಅಕ್ಷರಸರ 8 ಅನ್ನುವ ಸಂಖ್ಯೆಗಿಂತ ದೊಡ್ಡದು ಅಂತಲೇ ಬಂತು. ಅಕ್ಷರದ ಲೆಕ್ಕದಲ್ಲಿ "1" ಚಿಕ್ಕದಲ್ಲವೇ, ಹಾಗಾದರೆ ಇಲ್ಲಿ ಹೇಗೆ ಸರಿಹೋಯಿತು? ಇದಕ್ಕೆ ಉತ್ತರ ಬೇಕಾದರೆ ಜಾವಾಸ್ಕ್ರಿಪ್ಟಿನ ನಿಯಮ ತಿಳಿಯಬೇಕು.

ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಎಂಬ ಕಂಪನಿಯಲ್ಲಿ. ಬ್ರೆಂಡನ್ ಐಕ್ ಎಂಬುವವರು ಆ ವರ್ಷದ ಮೇ ತಿಂಗಳಲ್ಲಿ ಅದರ ಮೊದಲ ರೂಪವನ್ನು ಬರೀ ಹತ್ತು ದಿನಗಳಲ್ಲಿ ಬರೆದರು. ಹತ್ತು ದಿನ! ನಮಗೆ ಒಂದು ಪಾಠದ ಪ್ರಶ್ನೋತ್ತರ ಬರೆಯೋದಕ್ಕೆ ಅಷ್ಟು ದಿನ ಬೇಕು. ಮೊದಲು ಅದರ ಹೆಸರು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್, ಡಿಸೆಂಬರ್ 1995ರಲ್ಲಿ ಜಾವಾಸ್ಕ್ರಿಪ್ಟ್ ಆಯಿತು. ಇಂದು ಮೊಬೈಲಿನಲ್ಲಿ ಯಾವ ವೆಬ್ ಪುಟ ತೆರೆದರೂ ಹೆಚ್ಚುಕಡಿಮೆ ಅದರ ಒಳಗೆ ಈ ಭಾಷೆ ಇದ್ದೇ ಇರುತ್ತದೆ. ಪರೀಕ್ಷೆಯ ಫಲಿತಾಂಶ ನೋಡುವ ಪುಟದಲ್ಲೂ ಅಷ್ಟೆ.

ವೆಬ್ ಪುಟದಲ್ಲಿ ಪೆಟ್ಟಿಗೆಯ ಹಾಗೆ ಒಂದು ಜಾಗ ಇರುತ್ತದಲ್ಲ, ಹೆಸರು, ವಯಸ್ಸು ಟೈಪ್ ಮಾಡೋದಕ್ಕೆ. ಅಲ್ಲಿ ನೀವು 12 ಅಂತ ಟೈಪ್ ಮಾಡಿದರೂ ಪ್ರೋಗ್ರಾಮಿಗೆ ಸಿಗುವುದು "12" ಎಂಬ ಅಕ್ಷರಸರ. ಕೀಲಿಮಣೆಯಿಂದ ಬರುವುದು ಅಕ್ಷರವೇ ತಾನೆ. ಪ್ರತಿ ಸಲವೂ ಅದನ್ನು ಸಂಖ್ಯೆಯಾಗಿ ಮಾಡಿಕೊಳ್ಳಿ ಅಂತ ಬರೆಯುವವರಿಗೆ ಹೇಳುವುದು ಕಿರಿಕಿರಿ. ಹಾಗಾಗಿ ಮೊದಮೊದಲು ಬಳಸಿದವರು ಕೇಳಿಕೊಂಡಂತೆ ಐಕ್ ಅವರು ಒಂದು ಉಪಕಾರ ಮಾಡಿದರು. ಎರಡು ಬಗೆ ಬೇರೆ ಬೇರೆ ಇದ್ದರೆ ಭಾಷೆಯೇ ಒಂದನ್ನು ಬದಲಾಯಿಸಿಕೊಂಡು ಹೋಲಿಸುತ್ತದೆ. ಸಂತೆಯಲ್ಲಿ ಒಬ್ಬರು ಸೇರಿನಲ್ಲಿ ಅಳೆದರು, ಇನ್ನೊಬ್ಬರು ಕೆ.ಜಿ.ಯಲ್ಲಿ ತೂಗಿದರು ಅನ್ನಿ. ನಡುವೆ ಇರುವ ದಲ್ಲಾಳಿ ಯಾರನ್ನೂ ಕೇಳದೆ ಮನಸ್ಸಿನಲ್ಲೇ ಲೆಕ್ಕ ಹಾಕಿ "ಎರಡೂ ಸಮ, ತಗೊಳ್ಳಿ" ಅಂದ ಹಾಗೆ ಇದು.

ಆ ದಲ್ಲಾಳಿಯ ನಿಯಮಗಳು ಇವು. ಸಮವೇ ಅಂತ ಕೇಳಲು == ಎಂಬ ಚಿಹ್ನೆ ಇದೆ. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಅಕ್ಷರಸರ ಇದ್ದರೆ ಅಕ್ಷರಸರವನ್ನು ಸಂಖ್ಯೆ ಮಾಡುತ್ತದೆ. ಆದ್ದರಿಂದ

5 == "5"

ಇದಕ್ಕೆ ಉತ್ತರ ಟ್ರೂ, ಅಂದರೆ ಹೌದು. ಟ್ರೂ, ಫಾಲ್ಸ್ ಬಂದರೆ ಅವನ್ನು 1 ಮತ್ತು 0 ಮಾಡುತ್ತದೆ. ನಲ್ ಬಂದರೆ ಅದು ಸಂಖ್ಯೆಗೂ ಸಮವಲ್ಲ, ಅಕ್ಷರಸರಕ್ಕೂ ಸಮವಲ್ಲ. ಚಿಕ್ಕದು-ದೊಡ್ಡದು ಕೇಳುವಾಗ ನಿಯಮ ಸ್ವಲ್ಪ ಬೇರೆ. ಎರಡೂ ಅಕ್ಷರಸರವಾದರೆ ಮಾತ್ರ ನಿಘಂಟಿನ ಹಾಗೆ ಅಕ್ಷರ ಅಕ್ಷರ ಹೋಲಿಕೆ. ಎರಡರಲ್ಲಿ ಒಂದು ಸಂಖ್ಯೆ ಇದ್ದರೂ ಸಾಕು, ಇನ್ನೊಂದನ್ನೂ ಸಂಖ್ಯೆ ಮಾಡಿಕೊಳ್ಳುತ್ತದೆ.

ಗುಂಡು ಎಸೆತದ ಒಗಟು ಈಗ ಬಿಡಿಸಿತು ನೋಡಿ. "10.2" ಅನ್ನು 8ರ ಜೊತೆ ಹೋಲಿಸಿದಾಗ ಒಂದು ಕಡೆ ಸಂಖ್ಯೆ ಇತ್ತು, ದಲ್ಲಾಳಿ ಬಂದ, ಸರಿಯಾಯಿತು. "10.2" ಅನ್ನು "9.85" ಜೊತೆ ಹೋಲಿಸಿದಾಗ ಎರಡೂ ಅಕ್ಷರಸರ. ದಲ್ಲಾಳಿಗೆ ಕೆಲಸವೇ ಇಲ್ಲ, ನಿಘಂಟಿನ ಲೆಕ್ಕ ನಡೆಯಿತು. ಒಂದೇ ಪ್ರೋಗ್ರಾಂ, ಒಂದೇ ದೂರ, ಎರಡು ಸಾಲಿನಲ್ಲಿ ಎರಡು ನ್ಯಾಯ.

ಇನ್ನೊಂದು ವಿಚಿತ್ರ ಕೇಳಿ. ಜಾವಾಸ್ಕ್ರಿಪ್ಟಿನಲ್ಲಿ ಒಂದು ಪಟ್ಟಿಯನ್ನು ಕ್ರಮವಾಗಿ ಜೋಡಿಸುವುದಕ್ಕೆ ಸಾರ್ಟ್ ಎಂಬ ಸಿದ್ಧ ಆಜ್ಞೆ ಇದೆ. ಅದಕ್ಕೆ ನಿಜವಾದ ಸಂಖ್ಯೆಗಳನ್ನೇ, 10, 9, 2, 33 ಅಂತ ಕೊಟ್ಟರೂ, ಬೇರೇನೂ ಹೇಳದಿದ್ದರೆ ಅದು ಎಲ್ಲವನ್ನೂ ಅಕ್ಷರಸರ ಮಾಡಿಕೊಂಡು ಜೋಡಿಸುತ್ತದೆ. ಉತ್ತರ 10, 2, 33, 9. ನಾನು ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಮಾಡಿ ನೋಡಿದೆ, ಹಾಗೇ ಬಂತು. ನೀವೂ ನೋಡಬಹುದು. ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು ಎಫ್12 ಕೀಲಿ ಒತ್ತಿದರೆ ಒಂದು ಕಿಟಕಿ ಬರುತ್ತದೆ. ಅದರಲ್ಲಿ ಕನ್ಸೋಲ್ ಅನ್ನುವ ಕಡೆ ಹೋಗಿ ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತು. ಇಂಟರ್ನೆಟ್ ಬೇಕಾಗಿಲ್ಲ.

ದಲ್ಲಾಳಿ ಎಡವಟ್ಟು ಮಾಡುವುದು ಖಾಲಿ ಜಾಗ ಬಂದಾಗ. ಖಾಲಿ ಅಕ್ಷರಸರವನ್ನು ಸಂಖ್ಯೆ ಮಾಡು ಅಂದರೆ ಅವನು ಸೊನ್ನೆ ಅನ್ನುತ್ತಾನೆ. ಹಾಗಾಗಿ

"" == 0

ಇದು ಟ್ರೂ. ಸೊನ್ನೆ ಅಂದರೆ ಏನೂ ಇಲ್ಲ, ಖಾಲಿ ಅಂದರೂ ಏನೂ ಇಲ್ಲ, ಸರಿ ತಾನೆ ಅಂತ ನಿಮಗೆ ಅನಿಸಬಹುದು. ಆದರೆ ಅಂಕಪಟ್ಟಿ ನೆನಪು ಮಾಡಿಕೊಳ್ಳಿ. ಪರೀಕ್ಷೆ ಬರೆದು ಸೊನ್ನೆ ತೆಗೆದವನು ಬೇರೆ, ಜ್ವರ ಬಂದು ಮನೆಯಲ್ಲಿ ಮಲಗಿದ್ದವನು ಬೇರೆ. ಹಾಜರಿ ಪುಸ್ತಕದಲ್ಲಿ ಮೇಷ್ಟ್ರು ಗೈರುಹಾಜರಿಗೆ ಬೇರೆ ಗುರುತು ಹಾಕುವುದು ಅದಕ್ಕೇ. ಕಂಪ್ಯೂಟರಿನಲ್ಲಿ ಅಂಕದ ಜಾಗ ಖಾಲಿ ಬಿಟ್ಟು, ಅದನ್ನು == ಹಾಕಿ ಸೊನ್ನೆಯ ಜೊತೆ ಹೋಲಿಸಿದರೆ ಇಬ್ಬರೂ ಒಂದೇ ಆಗಿಬಿಡುತ್ತಾರೆ.

ಇನ್ನು ಲೆಕ್ಕದ ಮೇಷ್ಟ್ರಿಗೆ ಕೋಪ ಬರುವ ಉದಾಹರಣೆ ಕೊಡುತ್ತೇನೆ.

"" == 0 ... ಟ್ರೂ
0 == "0" ... ಟ್ರೂ
"" == "0" ... ಫಾಲ್ಸ್

ರೇಖಾಗಣಿತದ ಪಾಠದಲ್ಲಿ ಯೂಕ್ಲಿಡ್‌ನ ಸ್ವಯಂಸಿದ್ಧ ಓದಿದ್ದೇವೆ. ಎರಡು ವಸ್ತುಗಳು ಮೂರನೆಯದೊಂದಕ್ಕೆ ಸಮವಾದರೆ ಅವೆರಡೂ ತಮ್ಮತಮ್ಮಲ್ಲಿ ಸಮ ಅಂತ. ಇಲ್ಲಿ ಖಾಲಿ ಅಕ್ಷರಸರವೂ 0ಗೆ ಸಮ, "0" ಕೂಡ 0ಗೆ ಸಮ, ಆದರೆ ಅವೆರಡು ಒಂದಕ್ಕೊಂದು ಸಮವಲ್ಲ. ಯಾಕೆಂದರೆ ಮೂರನೇ ಸಾಲಿನಲ್ಲಿ ಎರಡೂ ಅಕ್ಷರಸರ. ಬದಲಾವಣೆ ಏನೂ ನಡೆಯುವುದಿಲ್ಲ. ಒಂದರಲ್ಲಿ ಅಕ್ಷರವೇ ಇಲ್ಲ, ಇನ್ನೊಂದರಲ್ಲಿ ಒಂದು ಅಕ್ಷರ ಇದೆ. == ಅನ್ನುವುದು ನಮ್ಮ ಲೆಕ್ಕದ ಸಮ ಚಿಹ್ನೆಯ ಅಣ್ಣತಮ್ಮ ಅಲ್ಲ, ನೋಡೋಕೆ ಮಾತ್ರ ಹಾಗಿದೆ.

ನಲ್ ಅಂತೂ ಇನ್ನೂ ಘಾಟಿ. ನಲ್ ಮತ್ತು 0 ಸಮವೇ ಅಂದರೆ ಫಾಲ್ಸ್. ನಲ್ 0ಗಿಂತ ದೊಡ್ಡದೇ ಅಂದರೆ ಫಾಲ್ಸ್. ಆದರೆ ನಲ್ 0ಗಿಂತ ದೊಡ್ಡದು ಅಥವಾ ಸಮವೇ ಅಂದರೆ ಟ್ರೂ! ದೊಡ್ಡದೂ ಅಲ್ಲ, ಸಮವೂ ಅಲ್ಲ, ಆದರೆ ದೊಡ್ಡದು ಅಥವಾ ಸಮ. ನಾನು ಮೂರು ಸಲ ಟೈಪ್ ಮಾಡಿ ನೋಡಿದೆ. ಕಾರಣ ಇಷ್ಟೇ. ಸಮ ಕೇಳುವಾಗ ನಲ್ ಅನ್ನು ಸಂಖ್ಯೆ ಮಾಡುವುದಿಲ್ಲ. ದೊಡ್ಡದು-ಚಿಕ್ಕದು ಕೇಳುವಾಗ ಅದನ್ನು 0 ಮಾಡಿಕೊಳ್ಳುತ್ತದೆ. 'ದೊಡ್ಡದು ಅಥವಾ ಸಮ' ಅನ್ನುವುದು ಎರಡನೇ ಗುಂಪಿಗೆ ಸೇರಿದ್ದು. ಹಾಗಾಗಿ 0 ಮತ್ತು 0 ಹೋಲಿಸಿ ಹೌದು ಅನ್ನುತ್ತದೆ.

ಸಂಖ್ಯೆ ಮಾಡಲು ಆಗದ ಅಕ್ಷರಸರ ಬಂದರೆ? "ಗೈರು" ಅನ್ನುವುದನ್ನು ಸಂಖ್ಯೆ ಮಾಡು ಅಂದರೆ ಜಾವಾಸ್ಕ್ರಿಪ್ಟ್ ನಿಲ್ಲುವುದಿಲ್ಲ, ನ್ಯಾನ್ ಅನ್ನುವ ಒಂದು ವಿಶೇಷ ಬೆಲೆ ಕೊಡುತ್ತದೆ. 'ಇದು ಸಂಖ್ಯೆಯಲ್ಲ' ಅಂತ ಅದರ ಅರ್ಥ. ಕಂಪ್ಯೂಟರಿನಲ್ಲಿ ದಶಮಾಂಶ ಸಂಖ್ಯೆಗಳನ್ನು ಇಡುವ ಕ್ರಮಕ್ಕೆ 1985ರಲ್ಲಿ ಮಾಡಿದ ಐ.ಇ.ಇ.ಇ. 754 ಎಂಬ ನಿಯಮಾವಳಿಯಿಂದ ಇದು ಬಂದಿದೆ. ನ್ಯಾನ್ ಯಾವುದಕ್ಕೂ ಸಮವಲ್ಲ, ಯಾವುದಕ್ಕಿಂತಲೂ ದೊಡ್ಡದಲ್ಲ, ಚಿಕ್ಕದೂ ಅಲ್ಲ. ತನಗೆ ತಾನೇ ಸಮವಲ್ಲ! ಈಗ ಯೋಚಿಸಿ. ಆ ಕ್ರೀಡಾಕೂಟದ ಪ್ರೋಗ್ರಾಮಿನಲ್ಲಿ "ದೂರ 8ಕ್ಕಿಂತ ಕಡಿಮೆ ಇದ್ದರೆ ಆಯ್ಕೆ ಇಲ್ಲ, ಇಲ್ಲದಿದ್ದರೆ ಆಯ್ಕೆ" ಅಂತ ಬರೆದಿದ್ದರೆ, ದೂರದ ಜಾಗದಲ್ಲಿ "ಗೈರು" ಅಂತ ಇರುವ ಹುಡುಗನ ಗತಿ ಏನು? "ಗೈರು" 8ಕ್ಕಿಂತ ಕಡಿಮೆಯೇ? ಫಾಲ್ಸ್. ಹಾಗಾದರೆ ಆಯ್ಕೆ! ಮೈದಾನಕ್ಕೇ ಬಾರದವನು ತಾಲ್ಲೂಕಿಗೆ ಹೋಗುತ್ತಾನೆ.

ಇಲ್ಲೊಂದು ಕನ್ನಡದ ಮಾತು ಇದೆ. ಅಂಕಿಯನ್ನು ನಮ್ಮ ಕನ್ನಡ ಅಂಕಿಯಲ್ಲೇ "೫" ಅಂತ ಟೈಪ್ ಮಾಡಿದರೆ ಏನಾಗುತ್ತದೆ? ಜಾವಾಸ್ಕ್ರಿಪ್ಟಿಗೆ ಅದು ಅಂಕಿ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ "೫" ಕೂಡ "ಮಾವು" ಇದ್ದ ಹಾಗೆ, ನ್ಯಾನ್. ಆದರೆ ಪೈಥಾನ್ ಅನ್ನುವ ಭಾಷೆಗೆ "೫" ಕೊಟ್ಟು ಪೂರ್ಣಾಂಕ ಮಾಡು ಅಂದರೆ 5 ಅಂತ ಸರಿಯಾಗಿ ಹೇಳುತ್ತದೆ. "೧೦" ಕೊಟ್ಟರೆ 10. ಇದು ಗೊತ್ತಾದಾಗ ನನಗೆ ಬಹಳ ಸಂತೋಷ ಆಯಿತು. ಪೈಥಾನ್ ಮಾಡಿದವರು ನೆದರ್ಲೆಂಡ್ಸ್ ದೇಶದ ಗಿಡೋ ವಾನ್ ರಾಸಮ್, ಅದು ಹೊರಗೆ ಬಂದದ್ದು 1991ರಲ್ಲಿ.

ಪೈಥಾನಿನ ದಾರಿಯೇ ಬೇರೆ. 5 == "5" ಅಂತ ಕೇಳಿದರೆ ಅದು ಯಾರನ್ನೂ ಬದಲಾಯಿಸುವುದಿಲ್ಲ. ಒಂದು ಸಂಖ್ಯೆ, ಒಂದು ಅಕ್ಷರಸರ, ಆದ್ದರಿಂದ ಫಾಲ್ಸ್ ಅನ್ನುತ್ತದೆ. 5 < "5" ಅಂತ ಕೇಳಿದರೆ ಟೈಪ್ ಎರರ್ ಅಂತ ಕೆಂಪಕ್ಷರ ತೋರಿಸಿ ನಿಂತೇಬಿಡುತ್ತದೆ. ಯಾಕೆ ಒಂದಕ್ಕೆ ಉತ್ತರ, ಇನ್ನೊಂದಕ್ಕೆ ಇಲ್ಲ? ಯೋಚಿಸಿದರೆ ಅದು ನ್ಯಾಯವಾಗೇ ಇದೆ. ತೆಂಗಿನಮರ ಮತ್ತು ಮಂಗಳವಾರ ಎರಡೂ ಒಂದೇನಾ ಅಂತ ಕೇಳಿದರೆ "ಅಲ್ಲ" ಅಂತ ಧೈರ್ಯವಾಗಿ ಹೇಳಬಹುದು. ಎರಡರಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ ಉತ್ತರವೇ ಇಲ್ಲ. ಪ್ರಶ್ನೆಯೇ ತಪ್ಪು ಅನ್ನಬೇಕು.

ಪೈಥಾನ್ ಮೊದಲಿನಿಂದ ಇಷ್ಟು ಕಟ್ಟುನಿಟ್ಟಾಗಿ ಇರಲಿಲ್ಲ. ಅದರ ಎರಡನೇ ಆವೃತ್ತಿಯಲ್ಲಿ ಯಾವ ಸಂಖ್ಯೆಯನ್ನು ಯಾವ ಅಕ್ಷರಸರದ ಜೊತೆ ಹೋಲಿಸಿದರೂ ಸಂಖ್ಯೆಯೇ ಚಿಕ್ಕದು ಅನ್ನುತ್ತಿತ್ತು. 1000 ಮತ್ತು "1" ಹೋಲಿಸಿದರೂ 1000 ಚಿಕ್ಕದು! ಡಿಸೆಂಬರ್ 2008ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಎರಡನೇ ಆವೃತ್ತಿಯನ್ನು ನೋಡಿಕೊಳ್ಳುವುದನ್ನು 2020ರ ಜನವರಿ 1ರಿಂದ ನಿಲ್ಲಿಸಿದರು. ಹಳೆಯ ಪ್ರೋಗ್ರಾಂ ಬರೆದವರೆಲ್ಲ ತಿದ್ದಿಕೊಳ್ಳಬೇಕಾಯಿತು. ಅದಕ್ಕೇ ಹನ್ನೊಂದು ವರ್ಷ ಹಿಡಿಯಿತು.

ಜಾವಾಸ್ಕ್ರಿಪ್ಟಿಗೆ ಹಾಗೆ ತಿದ್ದಿಕೊಳ್ಳುವ ಭಾಗ್ಯ ಇರಲಿಲ್ಲ. 1997ರಲ್ಲಿ ಅದರ 1.2 ಆವೃತ್ತಿಯಲ್ಲಿ == ಚಿಹ್ನೆ ಬಗೆ ಬದಲಾಯಿಸದ ಹಾಗೆ ಮಾಡಿ ನೋಡಿದರು, ಆದರೆ ಮುಂದಿನ ಆವೃತ್ತಿಯಲ್ಲೇ ಹಿಂತೆಗೆದುಕೊಂಡರು. ಅಷ್ಟರಲ್ಲಿ ಲೋಕದ ತುಂಬ ಹಳೆಯ ನಿಯಮ ನಂಬಿದ ಪುಟಗಳು ಇದ್ದವು. ಒಂದು ಚಿಹ್ನೆಯ ಅರ್ಥ ಬದಲಾಯಿಸಿದರೆ ಅವೆಲ್ಲ ಕೆಡುತ್ತವೆ. ಕೊನೆಗೆ ಹಳೆಯ ಕಾಲುದಾರಿ ಮುಚ್ಚದೆ ಪಕ್ಕದಲ್ಲೇ ಹೊಸ ರಸ್ತೆ ಮಾಡಿದ ಹಾಗೆ === ಅಂತ ಮೂರು ಗೆರೆ ಜೋಡಿಯ ಚಿಹ್ನೆ ತಂದರು. ಡಿಸೆಂಬರ್ 1999ರಲ್ಲಿ ಬಂದ ಭಾಷೆಯ ಮೂರನೇ ಅಧಿಕೃತ ನಿಯಮಪುಸ್ತಕದಲ್ಲಿ ಅದು ಸೇರಿತು. === ಹಾಕಿದರೆ ದಲ್ಲಾಳಿ ಇಲ್ಲ. ಬಗೆಯೂ ಒಂದೇ ಇರಬೇಕು, ಬೆಲೆಯೂ ಒಂದೇ ಇರಬೇಕು. 5 === "5" ಫಾಲ್ಸ್. "" === 0 ಕೂಡ ಫಾಲ್ಸ್. == ವಿಷಯದಲ್ಲಿ ತಾನು ಒಪ್ಪಬಾರದಾಗಿತ್ತು ಅಂತ ಐಕ್ ಅವರೇ ಮುಂದೆ ಹೇಳಿದ್ದಾರೆ. ಆದರೆ ಗಮನಿಸಿ, ಮೂರು ಗೆರೆ ಜೋಡಿ ಇರುವುದು 'ಸಮವೇ' ಅನ್ನುವ ಪ್ರಶ್ನೆಗೆ ಮಾತ್ರ. ಚಿಕ್ಕದು-ದೊಡ್ಡದು ಅನ್ನುವುದಕ್ಕೆ ಅಂಥ ಕಟ್ಟುನಿಟ್ಟಿನ ಚಿಹ್ನೆ ಇವತ್ತಿಗೂ ಇಲ್ಲ. ಗುಂಡು ಎಸೆತದ ಪಟ್ಟಿಗೆ === ಏನೂ ಸಹಾಯ ಮಾಡುತ್ತಿರಲಿಲ್ಲ.

ಬೇರೆ ಭಾಷೆಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಪಿ.ಎಚ್.ಪಿ. ಎಂಬ ಭಾಷೆಯಲ್ಲಿ 0 == "ಮಾವು" ಅಂದರೆ ಹಿಂದೆ ಟ್ರೂ ಬರುತ್ತಿತ್ತು, ಮಾವಿನಲ್ಲಿ ಅಂಕಿ ಇಲ್ಲ, ಆದ್ದರಿಂದ ಅದು ಸೊನ್ನೆ ಅನ್ನುವ ತರ್ಕ. ನವೆಂಬರ್ 2020ರ ಎಂಟನೇ ಆವೃತ್ತಿಯಲ್ಲಿ ಅದು ಸರಿಹೋಯಿತು. ಸಿ ಎಂಬ ಹಳೆಯ ಭಾಷೆಯಲ್ಲಿ ಒಂದು ಅಕ್ಷರ ಅಂದರೆ ಅದರ ಕ್ರಮಸಂಖ್ಯೆಯೇ. ಅಲ್ಲಿ '5' ಎಂಬ ಅಕ್ಷರ 5ಕ್ಕೆ ಸಮವಲ್ಲ, 53ಕ್ಕೆ ಸಮ.

ಮೇಷ್ಟ್ರುಗಳು ಎಕ್ಸೆಲ್‌ನಲ್ಲಿ ಅಂಕಪಟ್ಟಿ ಮಾಡುತ್ತಾರಲ್ಲ, ಅಲ್ಲೂ ಇದೇ ವಿಷಯ ಇದೆ. ಅಲ್ಲಿಯ ನಿಯಮ ಏನೆಂದರೆ ಯಾವ ಅಕ್ಷರಸರವೂ ಯಾವ ಸಂಖ್ಯೆಗಿಂತಲೂ ದೊಡ್ಡದು. ಅಕ್ಷರವಾಗಿ ಕೂತ 9, ಸಂಖ್ಯೆಯಾದ 10ಕ್ಕಿಂತ ದೊಡ್ಡದು, 100ಕ್ಕಿಂತಲೂ ದೊಡ್ಡದು. ಸಾಲದ್ದಕ್ಕೆ ಒಂದು ಕಂಬದ ಅಂಕಗಳನ್ನೆಲ್ಲ ಸಮ್ ಹಾಕಿ ಕೂಡಿಸಿದರೆ ಅಕ್ಷರವಾಗಿರುವ ಅಂಕವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಒಬ್ಬ ಹುಡುಗಿಯ ಒಂದು ವಿಷಯದ ಅಂಕ ಹೀಗೆ ಮಾಯವಾದರೂ ಮೊತ್ತ ನೋಡಿದವರಿಗೆ ತಿಳಿಯುವುದಿಲ್ಲ. ಪತ್ತೆ ಮಾಡುವುದು ಸುಲಭ. ನಾವಾಗಿ ಜಾಗ ಬದಲಿಸದಿದ್ದರೆ ಸಂಖ್ಯೆ ಮನೆಯ ಬಲಗಡೆಗೆ ಅಂಟಿಕೊಂಡಿರುತ್ತದೆ, ಅಕ್ಷರಸರ ಎಡಗಡೆಗೆ. ಅಂಕದ ಕಂಬದಲ್ಲಿ ಎಡಕ್ಕೆ ಸರಿದ ಅಂಕ ಕಂಡರೆ ಅದನ್ನು ಮೊದಲು ನೋಡಬೇಕು.

ನನಗೆ ಪೈಥಾನಿನ ದಾರಿಯೇ ಇಷ್ಟ. ತಪ್ಪು ಉತ್ತರ ಕೊಟ್ಟು ನಗುತ್ತಾ ನಿಲ್ಲುವುದಕ್ಕಿಂತ ಗೊತ್ತಿಲ್ಲ ಅಂತ ನಿಲ್ಲುವುದು ವಾಸಿ. ನನ್ನ ಅಕ್ಕ ಇದಕ್ಕೆ ಒಪ್ಪಲಿಲ್ಲ. "ಬಸ್ಸಿನ ವೇಳಾಪಟ್ಟಿ ನೋಡೋ ಪುಟ ಒಂದು ಸಣ್ಣ ತಪ್ಪಿಗೆ ಪೂರ್ತಿ ನಿಂತುಬಿಟ್ಟರೆ ಜನ ಏನು ಮಾಡ್ಬೇಕು ಹೇಳು" ಅಂದಳು. ಅದೂ ಒಂದು ಮಾತು. 1995ರಲ್ಲಿ ಜಾವಾಸ್ಕ್ರಿಪ್ಟ್ ಮಾಡಿದ್ದು ಪುಟದ ಮೇಲೆ ಸಣ್ಣಪುಟ್ಟ ಕೆಲಸ ಮಾಡುವುದಕ್ಕೆ, ಅಂಕಪಟ್ಟಿ ಮಾಡುವುದಕ್ಕಲ್ಲ.

ಯಾವ ಭಾಷೆಯಲ್ಲಾದರೂ ಮಾಡಬೇಕಾದ ಕೆಲಸ ಒಂದೇ. ಹೋಲಿಸುವುದಕ್ಕೆ ಮೊದಲು ಎರಡನ್ನೂ ನಾವೇ ಒಂದೇ ಬಗೆಗೆ ತರಬೇಕು. ಜಾವಾಸ್ಕ್ರಿಪ್ಟಿನಲ್ಲಿ ನಂಬರ್ ಎಂಬ ಆಜ್ಞೆ ಇದೆ, ಪೈಥಾನಿನಲ್ಲಿ ಪೂರ್ಣಾಂಕಕ್ಕೆ ಇಂಟ್, ದಶಮಾಂಶಕ್ಕೆ ಫ್ಲೋಟ್. ಸಾರ್ಟ್ ಮಾಡುವಾಗ "ಮೊದಲನೆಯದರಿಂದ ಎರಡನೆಯದನ್ನು ಕಳೆದು ನೋಡು" ಅಂತ ಒಂದು ನಿಯಮ ಕೊಡಬೇಕು. ಕಳೆಯುವುದು ಅಕ್ಷರದಲ್ಲಿ ಆಗದ ಕೆಲಸ, ಆದ್ದರಿಂದ ಆಗ ಸಂಖ್ಯೆಯಾಗಿಯೇ ಹೋಲಿಸುತ್ತದೆ. ಕೂಡು ಅಂತ ಮಾತ್ರ ಕೊಡಬೇಡಿ, ಅಕ್ಷರಸರವನ್ನು ಕೂಡಿಸಿದರೆ ಪಕ್ಕಪಕ್ಕ ಅಂಟಿಸುತ್ತದೆ. "5" + 5 ಅಂದರೆ "55". ಖಾಲಿ ಜಾಗ ಮತ್ತು "ಗೈರು" ಇವನ್ನು ಹೋಲಿಕೆಗೆ ಬಿಡುವ ಮೊದಲೇ ಪಕ್ಕಕ್ಕೆ ತೆಗೆದಿಡಬೇಕು. ಆ ಕ್ರೀಡಾಕೂಟದ ಪ್ರೋಗ್ರಾಮಿನಲ್ಲಿ ಆಮೇಲೆ ತಿದ್ದಿದ್ದು ಒಂದೇ ಒಂದು ಸಾಲು. 11.05 ಮೇಲೆ ಬಂತು, ಅದರ ಕೆಳಗೆ 10.2.

ಈಗ ನಿಮಗೆ ಐದು ಪ್ರಶ್ನೆ. ಎಲ್ಲವೂ ಜಾವಾಸ್ಕ್ರಿಪ್ಟಿನವು. ಟ್ರೂ ಅಥವಾ ಫಾಲ್ಸ್ ಬರೆಯಿರಿ. ಕಂಪ್ಯೂಟರ್ ಮುಟ್ಟದೆ ಮೊದಲು ಯೋಚಿಸಿ.

1. "07" == 7
2. "07" === 7
3. "100" < "20"
4. "100" < 20
5. "೭" == 7

ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಮತ್ತು ತರಗತಿ ಹಾಕಿ, ಶನಿವಾರದೊಳಗೆ ಗೋಡೆ ಪತ್ರಿಕೆಯ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.